ಹೂವೂ ಕಾಣಬೇಕು, ಬೆಟ್ಟವೂ ಕಾಣಬೇಕು

ಪುಣೆಯಿಂದ ನಾನು ಕಳಿಸುವ ಫೋಟೊಗಳ ಬಗ್ಗೆ ಹಾವೇರಿಯಲ್ಲಿರುವ ಅವ್ವನದು ಒಂದೇ ತಕರಾರು. ‘ನಿನ್ನ ಮಾರಿ ಏನೋ ಚಲೋ ಬಂದೈತಿ. ಆದ್ರ ಹಿಂದ ಏನೈತಿ ಅನ್ನೂದು ಒಂದೂ ಕಾಣವಲ್ದು. ಅಲ್ಲೇನು ಮಂಜು ಬಿದ್ದೈತೇನು?’ ಮಂಜಲ್ಲವ್ವಾ, ಇದು ಪೋರ್ಟ್ರೇಟ್ ಮೋಡ್, ಹಿಂದಿನದನ್ನು ಮಸುಕು ಮಾಡಿದರ ಮುಖ ಎದ್ದು ಕಾಣತೈತಿ ಎಂದು ಎಷ್ಟು ವಿವರಿಸಿದರೂ ಅವಳಿಗೆ ಒಪ್ಪಿಗೆಯಿಲ್ಲ. ಮುಖ ಅವಳಿಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ನಾನಿರುವ ಬೀದಿ, ಎದುರಿನ ಅಂಗಡಿ, ಬಾಲ್ಕನಿಯಾಚೆಯ ಗುಡ್ಡ.

ಊರು ಬಿಟ್ಟು ದುಡಿಯುವ ನಮ್ಮಂಥವರ ಫೋಟೊಗಳಿಗೆ ಇದು ಸಣ್ಣ ವಿಷಯವಲ್ಲ. ಮನುಷ್ಯನೂ ಕಾಣಬೇಕು, ಅವನು ನಿಂತ ಜಾಗವೂ ಕಾಣಬೇಕು. ಆದರೆ ಈಗಿನ ಗಾಳಿ ಬೀಸುತ್ತಿರುವುದು ಪೂರ್ತಿ ಎದುರು ದಿಕ್ಕಿಗೆ. ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸುವ ಲೆನ್ಸಿಗೆ ಜನ ಸಾವಿರಗಟ್ಟಲೆ ಸುರಿಯುತ್ತಾರೆ. ಮೊಬೈಲಿನ ವಿಚಿತ್ರ ನೋಡಿ: ಅದರ ಪುಟ್ಟ ಲೆನ್ಸು ಹಿಂದಿನದನ್ನೂ ಮುಂದಿನದನ್ನೂ ತಕ್ಕಮಟ್ಟಿಗೆ ಸ್ಪಷ್ಟವಾಗಿಯೇ ಹಿಡಿದಿರುತ್ತದೆ, ಆಮೇಲೆ ಸಾಫ್ಟ್‌ವೇರು ಬಂದು, ಬಂದದ್ದನ್ನು ಅಳಿಸಿ ಮಸುಕು ಬಳಿಯುತ್ತದೆ. ಕಿವಿಯ ಅಂಚು, ಕನ್ನಡಕದ ಕಡ್ಡಿಯನ್ನೂ ಎಷ್ಟೋ ಸಲ ಸೇರಿಸಿಯೇ ಅಳಿಸಿರುತ್ತದೆ.

ನಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಈ ಸಮಸ್ಯೆಯೇ ಇಲ್ಲ. ಅಗ್ಫಾ ಕ್ಲಿಕ್ 3 ಎಂಬ ಕ್ಯಾಮೆರಾ ಆ ಕಾಲದ ಎಷ್ಟೋ ಮನೆಗಳಲ್ಲಿತ್ತು. 120 ಫಿಲ್ಮ್ ರೋಲು, ಹನ್ನೆರಡು ಚೌಕಾಕಾರದ ಫೋಟೊ. ಫೋಕಸ್ ಮಾಡುವ ತಿರುಗಣೆಯೇ ಅದಕ್ಕಿರಲಿಲ್ಲ. ಹತ್ತಡಿ ದೂರ ನಿಂತು ಒತ್ತಿದರೆ ಮುಗಿಯಿತು. ಸಣ್ಣ ರಂಧ್ರದ ಲೆನ್ಸು, ಸಣ್ಣ ಪ್ರಿಂಟು. ಹಾಗಾಗಿ ಗೋಲಗುಮ್ಮಟದ ಮುಂದೆ ಸಾಲಾಗಿ ನಿಂತ ಅಪ್ಪ, ಕಾಕಾ, ಅತ್ತೆಯರು ಎಷ್ಟು ಕಾಣುತ್ತಾರೋ ಗುಮ್ಮಟವೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತದೆ. ಆ ಕ್ಯಾಮೆರಾ ಗೊತ್ತಿಲ್ಲದೆ ಮಾಡುತ್ತಿದ್ದುದನ್ನು ಇಂದು ಗೊತ್ತಿದ್ದು ಮಾಡಬೇಕು. ಅದಕ್ಕೆ ಬೇಕಾದದ್ದು ದುಬಾರಿ ಲೆನ್ಸಲ್ಲ, ಹೈಸ್ಕೂಲಿನ ಲೆಕ್ಕ.

ಲೆನ್ಸಿನ ಒಳಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಿಬಿಡೋಣ. ದೂರದ ಒಂದು ಚುಕ್ಕೆಯಿಂದ ಹೊರಟ ಬೆಳಕು ಲೆನ್ಸಿನ ರಂಧ್ರದ ಅಗಲಕ್ಕೂ ಹರಡಿ ಒಳಬಂದು, ಲಾಳಿಕೆಯಂತೆ ಕಿರಿದಾಗುತ್ತಾ ಮತ್ತೆ ಒಂದು ಚುಕ್ಕೆಗೆ ಸೇರುತ್ತದೆ. ಆ ತುದಿ ಸರಿಯಾಗಿ ಸೆನ್ಸರಿನ ಮೇಲೆ ಬಿದ್ದರೆ ಚಿತ್ರದಲ್ಲೂ ಚುಕ್ಕೆ. ಸ್ವಲ್ಪ ಹಿಂದೆಯೋ ಮುಂದೆಯೋ ಬಿದ್ದರೆ ಲಾಳಿಕೆಯನ್ನು ಅಡ್ಡ ಕೊಯ್ದಂತೆ ಒಂದು ದುಂಡು ಬಿಲ್ಲೆ. ಮಸುಕು ಅಂದರೆ ಇಂಥ ಬಿಲ್ಲೆಗಳು ಒಂದರ ಮೇಲೊಂದು ಬೀಳುವುದು. ರಂಧ್ರ ಕಿರಿದಾದರೆ ಲಾಳಿಕೆಯೂ ಸಪೂರ, ಬಿಲ್ಲೆಯೂ ಸಣ್ಣದು. ಕನ್ನಡಕ ಮರೆತು ಬಂದವರು ಕಣ್ಣು ಕಿರಿದು ಮಾಡಿ ಬಸ್ಸಿನ ಬೋರ್ಡು ಓದುವುದಿಲ್ಲವೇ, ಅದೇ ತಂತ್ರ.

ಬಿಲ್ಲೆ ಎಷ್ಟು ಸಣ್ಣದಿದ್ದರೆ ನಮ್ಮ ಕಣ್ಣು ಅದನ್ನು ಚುಕ್ಕೆಯೆಂದೇ ಒಪ್ಪಿಕೊಳ್ಳುತ್ತದೆ? 35 ಮಿ.ಮೀ. ಫಿಲ್ಮಿನ ಅಳತೆಯ ಸೆನ್ಸರ್ ಇರುವ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 0.03 ಮಿ.ಮೀ. ಎಂದು ಹಿಡಿಯುವುದು ರೂಢಿ. ಹತ್ತಿಂಚಿನ ಪ್ರಿಂಟನ್ನು ಪುಸ್ತಕ ಓದುವ ದೂರದಲ್ಲಿ ಹಿಡಿದು ನೋಡುವಾಗಿನ ಲೆಕ್ಕ ಇದು. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಇದರ ಜೊತೆ ಸ್ವಲ್ಪ ಜಗಳವಿದೆ.

ಈ ಲೆಕ್ಕವೆಲ್ಲ ನನಗೆ ನಿಜಕ್ಕೂ ಬೇಕಾದದ್ದು ಕಾಸ್ ಪಠಾರದಲ್ಲಿ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ರಾತ್ರಿ ಬಸ್ಸಿನಲ್ಲಿ ಹೋಗುವ ಎಲ್ಲರೂ ಸಾತಾರಾ ದಾಟುತ್ತಾರೆ, ಹೆಚ್ಚಿನವರು ನಿದ್ದೆಯಲ್ಲಿ. ಆ ಸಾತಾರಾದಿಂದ ಸುಮಾರು 25 ಕಿ.ಮೀ. ಮೇಲಕ್ಕೆ ಹತ್ತಿದರೆ, ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದಲ್ಲಿ ಜಂಬಿಟ್ಟಿಗೆಯ ಹಾಸಿನಂಥ ಬಯಲು. ಕಲ್ಲಿನ ಮೇಲೆ ಬೆರಳಷ್ಟು ಮಣ್ಣೂ ಇಲ್ಲದ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ, ಆಗಸ್ಟ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ, ಹೂವು ಉಕ್ಕುತ್ತವೆ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಸೇರಿತು.

ಇಲ್ಲಿನ ಹೂಗಳೆಲ್ಲ ಪುಟ್ಟವು. ಗುಲಾಬಿ ಬಣ್ಣದ ತೆರಡಾ ನಮ್ಮ ಕರ್ಣಕುಂಡಲದ ಬಳಗದ್ದು. ನೀಲಿ ಬಣ್ಣದ, ಕೀಟ ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾಕ್ಕೆ ಮರಾಠಿಗರು ಸೀತೆಯ ಕಣ್ಣೀರು ಎಂಬರ್ಥದ ಹೆಸರಿಟ್ಟಿದ್ದಾರೆ. ಬಿಳಿ ಗುಂಡಿಯಂಥ ಎರಿಯೊಕಾಲನ್ ಇದೆ. ಇದರ ಎಷ್ಟೋ ಗುಂಡಿಗಳ ಅಗಲ ಐದಾರು ಮಿ.ಮೀ. ಅಷ್ಟೆ. ಹತ್ತಿರ ಹೋಗಿ ಎಫ್ 2.8ರಲ್ಲಿ ತೆಗೆದರೆ ಹೂವು ಸುಂದರವಾಗಿಯೇ ಬರುತ್ತದೆ, ಹಿಂದೆ ಹಸಿರು ಮಸುಕು. ಆದರೆ ಆ ಚಿತ್ರ ಕಾಸ್‌ನದೋ, ಯಾರದೋ ಟೆರೇಸಿನ ಕುಂಡದ್ದೋ ಹೇಳಲು ಬಾರದು. ಇಲ್ಲಿನ ಹೂವಿನ ಕತೆಯೇ ಅದು ನಿಂತ ಜಾಗ: ಕೆಂಪು ಕಲ್ಲು, ಅದರ ಮೇಲೆ ತೆಳುವಾಗಿ ಹರಿಯುವ ನೀರು, ಹೂವಿನ ಹಾಸು, ಆಚೆ ಇದ್ದಕ್ಕಿದ್ದಂತೆ ಕಡಿದು ಬೀಳುವ ಅಂಚು, ಅದರಾಚೆ ಸಹ್ಯಾದ್ರಿಯ ಸಾಲು. ಹೂವಿನಿಂದ ಬೆಟ್ಟದವರೆಗೆ ಎಲ್ಲವೂ ಕಂಡರೆ ಮಾತ್ರ ಇದು ಬೆಳೆಯುವುದು ಏಕೆ ಇಲ್ಲೇ ಎಂಬುದು ನೋಡುವವರಿಗೆ ಹೊಳೆಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಫೋಟೊ ಕಲಿಸುವವರು ಸಾಮಾನ್ಯವಾಗಿ ಕೊಡುವ ಸೂತ್ರ ‘ದೃಶ್ಯದ ಮೂರನೇ ಒಂದು ಭಾಗದಷ್ಟು ಒಳಕ್ಕೆ ಫೋಕಸ್ ಮಾಡಿ’ ಎಂಬುದು. ಹೂವು ಒಂದು ಮೀಟರ್ ದೂರ, ಬೆಟ್ಟ ಐದು ಕಿ.ಮೀ. ದೂರ. ಮೂರನೇ ಒಂದು ಭಾಗ ಎಂದರೆ ಒಂದೂವರೆ ಕಿ.ಮೀ.ಗೂ ಹೆಚ್ಚು! ಅಲ್ಲಿ ಫೋಕಸ್ ಮಾಡುವುದೂ ಬೆಟ್ಟಕ್ಕೇ ಮಾಡುವುದೂ ಒಂದೇ. ಈ ಸೂತ್ರವನ್ನು ಮರೆತುಬಿಡುವುದು ಒಳ್ಳೆಯದು.

ಇದಕ್ಕಿಂತ ಸರಳವಾದದ್ದೂ ಸರಿಯಾದದ್ದೂ ಇನ್ನೊಂದಿದೆ: ನಿಮಗೆ ಸ್ಪಷ್ಟವಾಗಿ ಬೇಕಾದ ಅತಿ ಹತ್ತಿರದ ವಸ್ತುವಿನ ದೂರವನ್ನು ಎರಡರಿಂದ ಗುಣಿಸಿ, ಅಲ್ಲಿಗೆ ಫೋಕಸ್ ಮಾಡಿ. ಹೂವು 60 ಸೆಂ.ಮೀ. ದೂರವಿದ್ದರೆ 1.2 ಮೀಟರಿಗೆ. ಆಗ ಹೂವಿನ ಮಸುಕೂ ಬೆಟ್ಟದ ಮಸುಕೂ ಸಮಸಮ. ಇನ್ನು ಉಳಿದದ್ದು ಅಪರ್ಚರ್ ಮುಚ್ಚುತ್ತಾ ಎರಡನ್ನೂ ಒಟ್ಟಿಗೆ ತಗ್ಗಿಸುವುದು. ಎಷ್ಟು ಮುಚ್ಚಬೇಕು ಎಂಬುದಕ್ಕೆ ಹೈಪರ್‌ಫೋಕಲ್ ದೂರದ ಲೆಕ್ಕ: ಲೆನ್ಸಿನ ಫೋಕಲ್ ಲೆಂಗ್ತನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಎಫ್ ಸಂಖ್ಯೆ ಮತ್ತು 0.03ರ ಗುಣಲಬ್ಧದಿಂದ ಭಾಗಿಸಿ. 24 ಮಿ.ಮೀ. ಲೆನ್ಸು, ಎಫ್ 8 ಆದರೆ 576 ಭಾಗಿಸು 0.24, ಅಂದರೆ 2400 ಮಿ.ಮೀ. 2.4 ಮೀಟರಿಗೆ ಫೋಕಸ್ ಇಟ್ಟರೆ ಅದರ ಅರ್ಧ, ಅಂದರೆ 1.2 ಮೀಟರಿನಿಂದ ದಿಗಂತದವರೆಗೆ ‘ಸ್ಪಷ್ಟ’. ಅದೇ ಲೆನ್ಸಿನಲ್ಲಿ 60 ಸೆಂ.ಮೀ. ದೂರದ ಹೂವೂ ಬೇಕೆಂದರೆ ಎಫ್ 16.

ಫೋಕಲ್ ಲೆಂಗ್ತ್ ವರ್ಗದಲ್ಲಿ ಕೂತಿರುವುದನ್ನು ಗಮನಿಸಿ. ಆಟವೆಲ್ಲ ಅಲ್ಲಿದೆ. 50 ಮಿ.ಮೀ. ಲೆನ್ಸಿಗೆ ಎಫ್ 8ರಲ್ಲಿ ಹೈಪರ್‌ಫೋಕಲ್ ದೂರ ಹತ್ತು ಮೀಟರಿಗೂ ಹೆಚ್ಚು. ಅಂದರೆ ಐದು ಮೀಟರಿಗಿಂತ ಹತ್ತಿರದ್ದೆಲ್ಲ ಮಸುಕು. 85ಕ್ಕೆ ಹೋದರೆ 30 ಮೀಟರ್. 200 ಮಿ.ಮೀ. ಲೆನ್ಸಿನಲ್ಲಿ 160 ಮೀಟರ್ ದಾಟುತ್ತದೆ. ಆ ಲೆನ್ಸು ಹಿಡಿದು ಹೂವೂ ಬೆಟ್ಟವೂ ಬೇಕು ಎನ್ನುವುದು ಎರಡು ದೋಣಿಗೆ ಕಾಲಿಟ್ಟಂತೆ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾ ಇರುವವರು 0.03ರ ಬದಲು 0.02 ಹಾಕಿಕೊಳ್ಳಿ. ಜೊತೆಗೆ ಬರುವ 18 ಮಿ.ಮೀ. ಲೆನ್ಸಿನಲ್ಲಿ ಎಫ್ 8ಕ್ಕೆ ಸುಮಾರು 2 ಮೀಟರ್ ಬರುತ್ತದೆ, ಒಂದು ಮೀಟರಿನಿಂದಾಚೆ ಎಲ್ಲವೂ ಸಿಗುತ್ತದೆ. ಎಲ್ಲರೂ ಬದಿಗೆಸೆಯುವ ಆ ಅಗ್ಗದ ಲೆನ್ಸು ಈ ಕೆಲಸಕ್ಕೆ ಧಾರಾಳ ಸಾಕು.

ಇನ್ನು ಜಗಳ. 0.03ರ ಲೆಕ್ಕ ಹತ್ತಿಂಚಿನ ಪ್ರಿಂಟಿನ ಕಾಲದ್ದು. ಈಗ ನಾವು ಮಾನಿಟರಿನಲ್ಲಿ ಚಿತ್ರವನ್ನು ಹಿಗ್ಗಿಸಿ, ಬೆಟ್ಟದ ಮೇಲಿನ ಒಂಟಿ ಮರವನ್ನೇ ಹುಡುಕುತ್ತೇವೆ. ಹೈಪರ್‌ಫೋಕಲ್‌ನಲ್ಲಿ ತೆಗೆದ ಚಿತ್ರದಲ್ಲಿ ಬೆಟ್ಟ ‘ಪರವಾಗಿಲ್ಲ’ ಎನ್ನುವಷ್ಟು ಮಾತ್ರ ಇರುತ್ತದೆ, ಒಪ್ಪಬಹುದಾದ ಮಸುಕಿನ ಕೊನೆಯ ಮೆಟ್ಟಿಲಲ್ಲಿ. ಹೆರಾಲ್ಡ್ ಮರ್ಕ್‌ಲಿಂಗರ್ ಎಂಬ ಬರಹಗಾರ ಇದಕ್ಕೆ ಬೇರೆಯದೇ ದಾರಿ ತೋರಿಸಿದ. ಫೋಕಸನ್ನು ಅನಂತಕ್ಕೇ ಇಡಿ, ಅಂದರೆ ಬೆಟ್ಟಕ್ಕೇ. ಆಗ ಎದುರಿನ ಯಾವ ವಸ್ತುವೇ ಆಗಲಿ, ಎಷ್ಟೇ ದೂರವಿರಲಿ, ಲೆನ್ಸಿನ ರಂಧ್ರದ ಅಗಲಕ್ಕಿಂತ ದೊಡ್ಡದಿದ್ದರೆ ಗುರುತಿಸುವಂತೆ ಬರುತ್ತದೆ. 24 ಮಿ.ಮೀ. ಲೆನ್ಸನ್ನು ಎಫ್ 8ಕ್ಕೆ ಮುಚ್ಚಿದರೆ ರಂಧ್ರ 3 ಮಿ.ಮೀ. ಅಗಲ. ಐದಾರು ಮಿ.ಮೀ.ನ ಗುಂಡಿ ಹೂವು ಆ ಜರಡಿಯಲ್ಲಿ ಉಳಿಯುತ್ತದೆ, ಅದರ ಎಸಳಿನ ನವಿರು ಸೋರಿಹೋಗುತ್ತದೆ.

ಕೇಳಲು ವಿಚಿತ್ರ, ಆದರೆ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಹಾಕಿ ನೋಡಿ. ಅದೇ ಎಫ್ 8ರಲ್ಲಿ 2.4 ಮೀಟರಿಗೆ ಫೋಕಸ್ ಇಟ್ಟರೆ, 1.2 ಮೀಟರ್ ದೂರದ ಹೂವಿನಲ್ಲಿ ಒಂದೂವರೆ ಮಿ.ಮೀ.ಗಿಂತ ಸಣ್ಣ ವಿವರ ಅಳಿಸುತ್ತದೆ, ಐದು ಕಿ.ಮೀ. ದೂರದ ಬೆಟ್ಟದಲ್ಲಿ ಆರು ಮೀಟರಿಗಿಂತ ಸಣ್ಣದೆಲ್ಲ ಕಲಸಿಹೋಗುತ್ತದೆ. ಅಂದರೆ ಒಂದು ಮರ, ಒಂದು ಮನೆ ಹೋಯಿತು. ಫೋಕಸನ್ನು ಅನಂತಕ್ಕೆ ಸರಿಸಿದರೆ ಹೂವಿನಲ್ಲಿ ಒಂದೂವರೆಯ ಬದಲು ಮೂರು ಮಿ.ಮೀ. ಕಳೆದುಕೊಳ್ಳುತ್ತೀರಿ; ಬೆಟ್ಟದಲ್ಲಿ ಮಾತ್ರ ಒಂದೆರಡು ಮೀಟರಿನ ವಿವರವೂ ವಾಪಸು ಬರುತ್ತದೆ. ಹತ್ತಿರ ಎರಡು ಪಟ್ಟು ನಷ್ಟ, ದೂರದಲ್ಲಿ ಮೂರು ನಾಲ್ಕು ಪಟ್ಟು ಲಾಭ. ಮುಂದೆ ಇರುವುದು ಬಂಡೆ, ಎತ್ತಿನಗಾಡಿ, ಗುಡಿಯ ಕಂಬದಂಥ ದೊಡ್ಡ ವಸ್ತುವಾದರೆ ನಾನು ಎರಡನೆಯ ದಾರಿಯನ್ನೇ ಹಿಡಿಯುತ್ತೇನೆ. ಎಸಳು ಎಣಿಸಬೇಕಾದ ಹೂವಾದರೆ ಮೊದಲನೆಯದು.

ಕಾಸ್‌ನಲ್ಲಿ ಇದಕ್ಕೂ ಒಂದು ತಿದ್ದುಪಡಿ ಬೇಕು. ಸೆಪ್ಟೆಂಬರಿನಲ್ಲಿ ಅಲ್ಲಿ ಹತ್ತು ನಿಮಿಷಕ್ಕೊಮ್ಮೆ ಮೋಡವೇ ನೆಲಕ್ಕಿಳಿದು ಬರುತ್ತದೆ. ಅವ್ವ ಕೇಳಿದ ಮಂಜು ಇಲ್ಲಿ ನಿಜವಾಗಿಯೂ ಇರುತ್ತದೆ. ಗಾಳಿಯಲ್ಲಿ ನೀರಹನಿ ತುಂಬಿಕೊಂಡಾಗ ಬೆಟ್ಟ ಮಸುಕಾಗುವುದು ಲೆನ್ಸಿನಿಂದಲ್ಲ, ಯಾವ ಅಪರ್ಚರೂ ಅದನ್ನು ಬಿಡಿಸಲಾರದು. ಅಂಥ ಹೊತ್ತಿನಲ್ಲಿ ದೂರಕ್ಕೆ ಫೋಕಸ್ ಉಳಿಸಿಟ್ಟು ಪ್ರಯೋಜನವಿಲ್ಲ. ಹೂವಿನ ಕಡೆಗೇ ವಾಲಿಬಿಡುವುದು ಜಾಣತನ. ದೆಹಲಿಯ ಚಳಿಗಾಲದ ಹೊಗೆಮಂಜಿನಲ್ಲಿ ಕುತುಬ್ ಮಿನಾರ್ ತೆಗೆಯುವವರಿಗೂ ಇದೇ ಮಾತು.

ಹಾಗಾದರೆ ಎಫ್ 22ಕ್ಕೆ ಮುಚ್ಚಿ ಕೂತರೆ ಆಗದೇ? ಇಲ್ಲಿ ಬೆಳಕೇ ತಿರುಗಿ ಬೀಳುತ್ತದೆ. ತೀರ ಕಿರಿದಾದ ರಂಧ್ರದ ಅಂಚು ದಾಟುವಾಗ ಬೆಳಕು ಚದುರುತ್ತದೆ. ಪಿಯುಸಿ ಭೌತಶಾಸ್ತ್ರದಲ್ಲಿ ವಿವರ್ತನೆ ಎಂದು ಓದಿದ್ದು ಇದನ್ನೇ. ಎಫ್ 8ರಲ್ಲಿ ಅದರಿಂದಾಗುವ ಚುಕ್ಕೆಯ ಅಗಲ ಸುಮಾರು 0.011 ಮಿ.ಮೀ. ಎಫ್ 16ರಲ್ಲಿ 0.021. ಎಫ್ 22ರಲ್ಲಿ ಹೆಚ್ಚುಕಡಿಮೆ 0.03, ಅಂದರೆ ಮಸುಕಿಗೆ ನಾವು ಹಾಕಿಕೊಂಡ ಮಿತಿಯಷ್ಟೇ. ಆಗ ಯಾವುದೂ ಔಟ್ ಆಫ್ ಫೋಕಸ್ ಅಲ್ಲ, ಯಾವುದೂ ಶಾರ್ಪ್ ಕೂಡ ಅಲ್ಲ. ಫುಲ್‌ಫ್ರೇಮಿನಲ್ಲಿ ಎಫ್ 16, ಎಪಿಎಸ್-ಸಿಯಲ್ಲಿ ಎಫ್ 11 ನನ್ನ ಲಕ್ಷ್ಮಣರೇಖೆ.

ಹಾಗಿದ್ದರೆ ಅಮೆರಿಕದ ‘ಗ್ರೂಪ್ ಎಫ್ 64’ನವರು? 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೊಜೆನ್ ಕನಿಂಗ್‌ಹ್ಯಾಮ್ ಮೊದಲಾದವರು ಸೇರಿ ಪ್ರದರ್ಶನ ಮಾಡಿದರು. ಫೋಟೊವನ್ನು ವರ್ಣಚಿತ್ರದಂತೆ ಮಸುಕು ಮಾಡಿ ‘ಕಲೆ’ ಎನ್ನಿಸಿಕೊಳ್ಳುತ್ತಿದ್ದ ಆ ಕಾಲದ ಫ್ಯಾಷನ್ನಿಗೆ ಅವರ ಉತ್ತರವೇ ಆ ಹೆಸರು. ಅವರ ಕ್ಯಾಮೆರಾದ ಫಿಲ್ಮ್ ಹಾಳೆ ಎಂಟು-ಹತ್ತು ಇಂಚಿನದು, ಲೆನ್ಸು 300 ಮಿ.ಮೀ. ಆಸುಪಾಸಿನದು. 300ನ್ನು 64ರಿಂದ ಭಾಗಿಸಿ: ರಂಧ್ರ ನಾಲ್ಕೂವರೆ ಮಿ.ಮೀ.ಗೂ ಹೆಚ್ಚು. ಅದು ನಮ್ಮ ಫುಲ್‌ಫ್ರೇಮ್ ಕ್ಯಾಮೆರಾದ ಎಫ್ 8ಕ್ಕೆ ಸುಮಾರಾಗಿ ಸಮ. ಅಷ್ಟು ದೊಡ್ಡ ನೆಗೆಟಿವನ್ನು ಹೆಚ್ಚು ಹಿಗ್ಗಿಸುವ ಅಗತ್ಯವೂ ಇರಲಿಲ್ಲ, ಹಾಗಾಗಿ ವಿವರ್ತನೆ ಕಾಡಲಿಲ್ಲ. ಎಫ್ 64 ಎಂಬ ಹೆಸರು ಕೇಳಿ ನಮ್ಮ ಲೆನ್ಸನ್ನು ಕೊನೆಯವರೆಗೆ ತಿರುಗಿಸುವುದು ಬೇಡ.

ಸಿನಿಮಾದವರು ಇದೇ ಪ್ರಶ್ನೆಯನ್ನು ಬೆಳಕಿನಿಂದ ಬಗೆಹರಿಸಿದರು. 1941ರ ‘ಸಿಟಿಜನ್ ಕೇನ್’ ಚಿತ್ರದಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲಂಡ್, ಮನೆಯೊಳಗೆ ಮೇಜಿನ ಬಳಿ ಮಗನನ್ನು ಬೇರೆಯವರ ವಶಕ್ಕೆ ಒಪ್ಪಿಸುವ ಕಾಗದಕ್ಕೆ ಸಹಿ ಹಾಕುವ ತಾಯಿಯನ್ನೂ, ದೂರದ ಕಿಟಕಿಯಾಚೆ ಹಿಮದಲ್ಲಿ ಆಡುತ್ತಿರುವ ಆ ಮಗನನ್ನೂ ಒಂದೇ ಶಾಟ್‌ನಲ್ಲಿ ಸ್ಪಷ್ಟವಾಗಿ ಇಟ್ಟ. ಹುಡುಗ ಮಸುಕಾಗಿದ್ದರೆ ಆ ದೃಶ್ಯದ ನೋವು ಅರ್ಧವಾಗುತ್ತಿತ್ತು. ಆದರೆ ಎಫ್ 2.8ರಿಂದ ಎಫ್ 8ಕ್ಕೆ ಮುಚ್ಚಬೇಕಾದರೆ ಎಂಟು ಪಟ್ಟು ಬೆಳಕು ಸುರಿಯಬೇಕು. ಅದೂ ಸಾಲದ ಕಡೆ ಟೋಲಂಡ್ ಉಪಾಯ ಮಾಡಿದ. ಅದೇ ಚಿತ್ರದಲ್ಲಿ ಕ್ಯಾಮೆರಾ ಮುಂದೆಯೇ ಔಷಧಿಯ ಲೋಟ, ಆಚೆ ಹಾಸಿಗೆ, ದೂರದಲ್ಲಿ ಬಾಗಿಲು ಇರುವ ಶಾಟ್ ಒಂದೇ ಸಲಕ್ಕೆ ತೆಗೆದದ್ದಲ್ಲ. ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಎರಡನೇ ಸಲ ಎಕ್ಸ್‌ಪೋಸ್ ಮಾಡಿ ಕೂಡಿಸಿದ್ದು. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರೂ ಮುಂಬಯಿಯ ಸ್ಟುಡಿಯೊಗಳಲ್ಲಿ ಇಂಥ ಬೆಳಕಿನ ಲೆಕ್ಕದಲ್ಲೇ ಪಳಗಿದವರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಕಲಿತು ಹೋಗಿ, 1959ರಲ್ಲಿ ಗುರುದತ್ ಅವರ ‘ಕಾಗಜ್ ಕೆ ಫೂಲ್’ ಅನ್ನು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾಗಿ ತೆಗೆದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರೇ.

ಟೋಲಂಡನ ಉಪಾಯದ ಮೊಮ್ಮಗುವೇ ಇಂದಿನ ಫೋಕಸ್ ಸ್ಟ್ಯಾಕಿಂಗ್. ಕ್ಯಾಮೆರಾ ಅಲುಗದಂತೆ ಇಟ್ಟು, ಹೂವಿಗೊಂದು, ಮಧ್ಯಕ್ಕೊಂದು, ಬೆಟ್ಟಕ್ಕೊಂದು ಫೋಕಸ್ ಬದಲಿಸುತ್ತಾ ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಕಂಪ್ಯೂಟರಿನಲ್ಲಿ ಹೊಲಿಯುವುದು. ಫೋಟೊಶಾಪ್ ಮಾಡುತ್ತದೆ, ಹೆಲಿಕಾನ್ ಫೋಕಸ್, ಝಿರೀನ್ ಸ್ಟ್ಯಾಕರ್ ಎಂಬ ತಂತ್ರಾಂಶಗಳು ಇದಕ್ಕೆಂದೇ ಇವೆ. ಗುಡಿಯೊಳಗಿನ ಕಂಬ, ಗೋಡೆಯ ಕೆತ್ತನೆಗೆ ಇದರಷ್ಟು ಒಳ್ಳೆಯ ದಾರಿ ಇಲ್ಲ, ಎಫ್ 8ರಲ್ಲೇ ಕೆಲಸ ಮುಗಿಯುತ್ತದೆ. ಕಾಸ್‌ನಲ್ಲಿ ಮಾತ್ರ ಗಾಳಿ ಬಿಡುವುದಿಲ್ಲ. ಒಂದು ಚಿತ್ರದಲ್ಲಿ ಎಡಕ್ಕೆ ಬಾಗಿದ ಹೂವು ಇನ್ನೊಂದರಲ್ಲಿ ಬಲಕ್ಕೆ ಬಾಗಿರುತ್ತದೆ. ಹೊಲಿದಾಗ ಒಂದೇ ದಂಟಿಗೆ ಎರಡು ತಲೆ. ಹೆಚ್ಚೆಂದರೆ ಎರಡೇ ಚಿತ್ರ ಸಾಕು, ಹೂವು ಪೂರ್ತಿ ಒಂದರಲ್ಲಿ, ಉಳಿದದ್ದೆಲ್ಲ ಇನ್ನೊಂದರಲ್ಲಿ.

ಗಾಳಿಯಿಂದ ಇನ್ನೊಂದು ತೊಂದರೆಯಿದೆ. ಮೋಡದ ದಿನ ಐಎಸ್ಒ 100, ಎಫ್ 16 ಇಟ್ಟರೆ ಷಟರ್ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿಗೆ ಬರುತ್ತದೆ. ಫೋಕಸ್ ಸರಿಯಿದ್ದೂ ಹೂವು ಅಲುಗಿ ಗೀಟಾಗುತ್ತದೆ. ಇಂಥ ಕಡೆ ಟ್ರೈಪಾಡ್ ಇದ್ದರೂ ಉಪಯೋಗವಿಲ್ಲ, ಅಲುಗುವುದು ಕ್ಯಾಮೆರಾ ಅಲ್ಲವಲ್ಲ. ಐಎಸ್ಒವನ್ನು ಧೈರ್ಯವಾಗಿ 1600ಕ್ಕೆ ಏರಿಸಿ. ಸ್ವಲ್ಪ ಕಾಳುಕಾಳು ಬಂದರೆ ಬರಲಿ, ಅದನ್ನು ಆಮೇಲೆ ತಗ್ಗಿಸಬಹುದು. ಅಲುಗಿದ ಹೂವನ್ನು ಯಾರೂ ನಿಲ್ಲಿಸಲಾರರು.

ಲೆನ್ಸನ್ನೇ ಬಾಗಿಸುವ ಮೂರನೆಯ ದಾರಿಯೂ ಇದೆ. ಸೆನ್ಸರ್, ಲೆನ್ಸು, ಬೇಕಾದ ನೆಲ, ಈ ಮೂರರ ಸಮತಲಗಳೂ ಒಂದೇ ಗೆರೆಯಲ್ಲಿ ಸೇರುವಂತೆ ಬಾಗಿಸಿದರೆ ಕಾಲ ಬುಡದಿಂದ ದಿಗಂತದವರೆಗೆ ನೆಲವೆಲ್ಲ ಒಟ್ಟಿಗೆ ಫೋಕಸ್ ಆಗುತ್ತದೆ. ಇದಕ್ಕೆ ಹೆಸರು ಕೊಟ್ಟವನು ಆಸ್ಟ್ರಿಯಾದ ಸೇನಾಧಿಕಾರಿ ಥಿಯೊಡೋರ್ ಶೈಮ್‌ಪ್ಫ್ಲುಗ್. ಆಕಾಶದಿಂದ ತೆಗೆದ ಚಿತ್ರಗಳ ಓರೆ ತಿದ್ದಲು ಹೊರಟವನು 1904ರಲ್ಲಿ ಪೇಟೆಂಟ್ ಪಡೆದ. ನೆಲದಿಂದ ಒಂದು ಮೀಟರ್ ಎತ್ತರದಲ್ಲಿರುವ 24 ಮಿ.ಮೀ. ಲೆನ್ಸಿಗೆ ಬೇಕಾದ ಬಾಗು ಒಂದೂವರೆ ಡಿಗ್ರಿಗೂ ಕಡಿಮೆ. ಅಷ್ಟೇ ಬಾಗಿಗೆ ಲೆನ್ಸಿನ ಬೆಲೆ ಲಕ್ಷ ದಾಟುತ್ತದೆ. ಬಯಲಿಗೆ ಇದು ಸೊಗಸು, ಆದರೆ ನಡುವೆ ಒಂದು ಮರ ನಿಂತಿದ್ದರೆ ಅದರ ತುದಿ ಮಸುಕಾಗಿಬಿಡುತ್ತದೆ.

ಇನ್ನು ಬಹುಪಾಲು ಓದುಗರ ಕೈಯಲ್ಲಿರುವ ಮೊಬೈಲು. ಅದರ ಮುಖ್ಯ ಕ್ಯಾಮೆರಾದ ನಿಜವಾದ ಫೋಕಲ್ ಲೆಂಗ್ತ್ ಆರೇಳು ಮಿ.ಮೀ. ಅಷ್ಟೆ. ಎಫ್ 1.8 ಎಂದು ಬರೆದಿದ್ದರೂ ರಂಧ್ರದ ಅಗಲ ಮೂರ್ನಾಲ್ಕು ಮಿ.ಮೀ., ದೊಡ್ಡ ಕ್ಯಾಮೆರಾದ 24 ಮಿ.ಮೀ. ಲೆನ್ಸನ್ನು ಎಫ್ 7ಕ್ಕೋ 8ಕ್ಕೋ ಮುಚ್ಚಿದಂತೆ. ಹಾಗಾಗಿ ಸಾಮಾನ್ಯವಾಗಿ ಎರಡು ಎರಡೂವರೆ ಮೀಟರ್ ದೂರದ ಯಾವುದನ್ನಾದರೂ ಮುಟ್ಟಿ ಫೋಕಸ್ ಮಾಡಿ, ಬೆರಳನ್ನು ಒತ್ತಿಹಿಡಿದು ಲಾಕ್ ಮಾಡಿದರೆ, ಒಂದು ಒಂದೂಕಾಲು ಮೀಟರಿನಿಂದ ದಿಗಂತದವರೆಗೆ ಸಿಗುತ್ತದೆ. ಹೈದರಾಬಾದಿನ ಲಾಡ್ ಬಜಾರಿನಲ್ಲಿ ಬಳೆ ರಾಶಿಯನ್ನೂ ಹಿಂದಿನ ಚಾರ್‌ಮಿನಾರನ್ನೂ ಒಟ್ಟಿಗೆ ಹಿಡಿಯಬೇಕೆಂದರೆ ಬಳೆಗೆ ಮೂಗು ತಾಗಿಸಬೇಡಿ. ಒಂದು ಹೆಜ್ಜೆ ಹಿಂದೆ ಸರಿದು, ರಾಶಿಯಾಚೆಯ ಗಿರಾಕಿಗೆ ಫೋಕಸ್ ಮಾಡಿ. ಇನ್ನೂ ಹತ್ತಿರ ಬೇಕೆಂದರೆ 0.5 ಎಂದು ಬರೆದಿರುವ ಅಗಲದ ಕ್ಯಾಮೆರಾ ಇದೆ. ಒಂದು ಒಂದೂವರೆ ಅಡಿಯಿಂದಲೇ ಎಲ್ಲವನ್ನೂ ಹಿಡಿಯಬಲ್ಲುದು, ಮೂಲೆಗಳು ಮಾತ್ರ ಎಳೆದಂತೆ ಬರುತ್ತವೆ, ಮುಖವನ್ನು ಅಲ್ಲಿ ಇಡಬೇಡಿ. ಒಂದು ಎಚ್ಚರಿಕೆ: ಹೊಸ ದುಬಾರಿ ಮೊಬೈಲುಗಳಲ್ಲಿ ಸೆನ್ಸರ್ ದೊಡ್ಡದಾದಷ್ಟೂ ಈ ಅನುಕೂಲ ಕಡಿಮೆಯಾಗುತ್ತಿದೆ. ಕಾಗದದ ಫೋಟೊ ತೆಗೆದರೆ ಅಂಚಿನ ಸಾಲುಗಳು ಮಸುಕಾಗುವುದು ಅದಕ್ಕೇ. ಮನೆಗೆ ಕಳಿಸುವ ಫೋಟೊಗೆ ಹಳೆಯ ಮೊಬೈಲೇ ವಾಸಿ ಎನ್ನಿಸಿದರೆ ಆಶ್ಚರ್ಯವಿಲ್ಲ.

ಯಾವ ಲೆಕ್ಕಕ್ಕೂ ಸಿಗದ ಒಂದು ಆಸೆಯಿದೆ: ಒಂದೇ ಒಂದು ಪುಟ್ಟ ಹೂವು ಚೌಕಟ್ಟಿನ ಅರ್ಧದಷ್ಟು ತುಂಬಿರಬೇಕು, ಹಿಂದೆ ಬೆಟ್ಟವೂ ಖಚಿತವಾಗಿರಬೇಕು. ಸೆನ್ಸರಿನ ಮೇಲೆ ಹೂವು ನಿಜ ಅಳತೆಯ ಅರ್ಧದಷ್ಟು ಬೀಳುವಷ್ಟು ಹತ್ತಿರ ಹೋದಿರೆಂದರೆ ಎಫ್ 16ರಲ್ಲೂ ಸ್ಪಷ್ಟವಾಗಿ ಸಿಗುವ ಆಳ ಆರು ಮಿ.ಮೀ.ಗಿಂತ ಕಡಿಮೆ. ಹೂವೇ ಪೂರ್ತಿ ಸಿಗುವುದಿಲ್ಲ, ಬೆಟ್ಟದ ಮಾತೆಲ್ಲಿ. ಈ ಆಸೆಯೇ ಕಾಸ್‌ನಲ್ಲಿ ಜನರನ್ನು ಕಾಲುದಾರಿ ಬಿಟ್ಟು ಹೂವಿನ ನಡುವೆ ಇಳಿಸುತ್ತದೆ. ಒಬ್ಬರು ಮಂಡಿಯೂರಿದ ಕಡೆ ನೂರಾರು ಸಸಿ ಹೋಗುತ್ತವೆ. ಆ ಕಲ್ಲಿನ ಮೇಲೆ ಮಣ್ಣೇ ತೆಳು, ತುಳಿದ ಜಾಗ ಗಟ್ಟಿಯಾದರೆ ಅಲ್ಲಿ ಮತ್ತೆ ಬೇರೂರುವುದು ಕಷ್ಟ. ದಾರಿಯ ಅಂಚಿನಲ್ಲೇ ಕೂತು, ಒಂದಡಿ ಅಗಲದ ತೆರಡಾ ಗೊಂಚಲನ್ನು ಒಂದು ಮೀಟರ್ ದೂರದಿಂದ ತೆಗೆದರೆ 24 ಮಿ.ಮೀ. ಲೆನ್ಸಿನಲ್ಲಿ ಅದು ಚೌಕಟ್ಟಿನ ಐದನೇ ಒಂದು ಭಾಗದಷ್ಟು ಬರುತ್ತದೆ. ನನ್ನ ಮಟ್ಟಿಗೆ ಅಷ್ಟು ಧಾರಾಳವಾಯಿತು. ಟ್ರೈಪಾಡಿನ ಕಾಲೂ ದಾರಿ ಬಿಟ್ಟು ಇಳಿಯುವ ಅಗತ್ಯವಿಲ್ಲ. ಕಾಳು ತುಂಬಿದ ಒಂದು ಬಟ್ಟೆಚೀಲದ ಮೇಲೆ ಕ್ಯಾಮೆರಾ ಕೂರಿಸಿದರೆ ನೆಲಮಟ್ಟದ ನೋಟ ಸಿಗುತ್ತದೆ.

ಕಳೆದ ಸೆಪ್ಟೆಂಬರಿನಲ್ಲಿ ಹಾಗೆ ಕೂತು ತೆಗೆದ ಒಂದು ಚಿತ್ರ ನನ್ನ ಬಳಿ ಇದೆ. 24 ಮಿ.ಮೀ., ಎಫ್ 11, ಫೋಕಸ್ ಎರಡು ಮೀಟರಿಗೆ. ಮುಂದೆ ತೆರಡಾ, ಹಿಂದೆ ಮೋಡ ಸರಿದ ಒಂದು ನಿಮಿಷದಲ್ಲಿ ಸಿಕ್ಕ ಬೆಟ್ಟದ ಸಾಲು. ಮನೆಗೆ ಬಂದು ಮಾನಿಟರಿನಲ್ಲಿ ಹಿಗ್ಗಿಸಿ ನೋಡುತ್ತಿದ್ದಾಗ, ಹೂವಿಗೂ ಬೆಟ್ಟಕ್ಕೂ ನಡುವೆ, ಏಳೆಂಟು ಮೀಟರ್ ದೂರದಲ್ಲಿ ಒಂದು ಕಂದು ಗೆರೆ ಕಂಡಿತು. ಇನ್ನೂ ಹಿಗ್ಗಿಸಿದರೆ ಬೂಟಿನ ಅಚ್ಚು ಸಾಲಾಗಿ. ಗೆರೆಯ ಕೊನೆಯಲ್ಲಿ ಎರಡು ಸಣ್ಣ ಗುಳಿ, ಮಧ್ಯೆ ಗೇಣು ಅಂತರ: ಯಾರೋ ಮಂಡಿಯೂರಿ ಫೋಟೊ ತೆಗೆದ ಜಾಗ. ಎಫ್ 2.8ರಲ್ಲಿ ತೆಗೆದಿದ್ದರೆ ಅದು ಹಸಿರು ಮಸುಕಿನಲ್ಲಿ ಕರಗಿಹೋಗಿರುತ್ತಿತ್ತು.

ಅಲ್ಲಿ ಕಾವಲಿಗಿರುವವರು ಸುತ್ತಲಿನ ಹಳ್ಳಿಗಳ ಅರಣ್ಯ ಸಮಿತಿಯ ಹುಡುಗರು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡವರು. ಮುಂದಿನ ಶನಿವಾರ ಹೋದಾಗ ಅವರಲ್ಲೊಬ್ಬನಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಅವನು ಹೂವನ್ನೂ ನೋಡಲಿಲ್ಲ, ಬೆಟ್ಟವನ್ನೂ ಹೊಗಳಲಿಲ್ಲ. ಎರಡು ಬೆರಳಲ್ಲಿ ಹಿಗ್ಗಿಸಿ, ಗೆರೆಯ ಪಕ್ಕದ ಒಡೆದ ಬಂಡೆಯನ್ನು ಗುರುತಿಸಿ, ‘ಆಲಂ ಲಕ್ಷಾತ್’ ಎಂದ. ಗೊತ್ತಾಯಿತು ಎಂದು ಅರ್ಥ. ನಾನು ವಾಪಸಾಗುವಷ್ಟರಲ್ಲಿ ಆ ಬಂಡೆಯಿಂದ ದಾರಿಯ ಅಂಚಿನವರೆಗೆ ಹಳದಿ ಹಗ್ಗ ಕಟ್ಟಿದ್ದರು. ಆ ದಿನ ಸಂಜೆಯ ನನ್ನ ಎಲ್ಲ ಚಿತ್ರಗಳಲ್ಲೂ ಹಗ್ಗ ಬಂದಿದೆ, ಹೂವಿನಷ್ಟೇ ಸ್ಪಷ್ಟವಾಗಿ.